ಕಾಪ್ಪು ಕಟ್ಟಿದ ಪೆನ್‌ಡ್ರೈವ್

ಎರಡು ತುದಿಗಳಿರುವ ಯಾವ ವಸ್ತುವನ್ನಾದರೂ ನಾನು ರಿಪೇರಿ ಮಾಡಬಲ್ಲೆ. ಒಂದು ತುದಿಯಲ್ಲಿ ಏನೋ ಒಳಗೆ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ಏನೋ ಹೊರಗೆ ಬರುತ್ತದೆ. ಬರದಿದ್ದರೆ ನಡುವೆ ಎಲ್ಲೋ ಕಸ ಸಿಕ್ಕಿಕೊಂಡಿದೆ ಎಂದರ್ಥ. ಜಗತ್ತು ಇಷ್ಟೇ. ತಮಿಳುನಾಡಿನ ಕಂಬಂ ಪಟ್ಟಣದಲ್ಲಿ ಹನಿ ನೀರಾವರಿ ಪೈಪುಗಳ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷಗಳಲ್ಲಿ ಗಳಿಸಿದ ತತ್ವಜ್ಞಾನ ಇದು. ಈ ಕಣಿವೆಯ ಎಷ್ಟೋ ದ್ರಾಕ್ಷಿ ಚಪ್ಪರಗಳು ನನ್ನ ಪೈಪಿನ ನೀರು ಕುಡಿದೇ ಸಿಹಿಯಾಗಿವೆ. ಇಂಥ ನನಗೆ ಒಂದು ಕಂಪ್ಯೂಟರ್ ಎಷ್ಟರ ಲೆಕ್ಕ?

ಬುಧವಾರ ಸಂಜೆ ನಮ್ಮ ಮನೆಯ ಕಂಪ್ಯೂಟರು ಪ್ರಾಣ ಬಿಟ್ಟಿತು. ಮಗಳು ಜನನಿ ಆರನೇ ತರಗತಿಯಲ್ಲಿದ್ದಾಗ ತಂದದ್ದು. ಅದರೊಳಗಿನ ಹಾರ್ಡ್ ಡಿಸ್ಕು ಒರಳಿನಲ್ಲಿ ಕಲ್ಲು ರುಬ್ಬಿದಂತೆ ಸದ್ದು ಮಾಡಿ, ಎರಡು ಸಲ ಬಿಕ್ಕಿ, ತಣ್ಣಗಾಯಿತು. ಬೇರೆ ವಾರವಾಗಿದ್ದರೆ ನಾನು ಅದಕ್ಕೊಂದು ಬಟ್ಟೆ ಹೊದಿಸಿ ಸುಮ್ಮನಾಗುತ್ತಿದ್ದೆ. ಆದರೆ ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನನ್ನ ಹೆಂಡತಿ ಸರಸು ಮೇಷ್ಟರಾಗುವವಳಿದ್ದಳು.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಕನ್ನಡವನ್ನು ಬೆಂಗಳೂರಿನವರು ಕೇಳಿದರೆ ಅರ್ಧ ನಗುತ್ತಾರೆ, ಅರ್ಧ ಯೋಚಿಸುತ್ತಾರೆ. ಈಗಿನ ಮಕ್ಕಳಿಗೆ ಅದು ಕಿವಿಗೆ ಹೋಗುತ್ತದೆ, ಬಾಯಿಗೆ ಬರುವುದಿಲ್ಲ. ದಿಂಡಿಗಲ್ಲಿನ ಕಾಲೇಜಿನಲ್ಲಿ ಓದುವ ಜನನಿಯೂ ಅಷ್ಟೇ. ಸರಸು ಫೋನಿನಲ್ಲಿ ಕನ್ನಡದಲ್ಲಿ ಹತ್ತು ಮಾತು ಕೇಳಿದರೆ ಅವಳು ಹತ್ತಕ್ಕೂ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಒಂದು ದಿನ ಸರಸು ಫೋನಿಟ್ಟು ಬಹಳ ಹೊತ್ತು ಗೋಡೆ ನೋಡುತ್ತ ಕುಳಿತಿದ್ದಳು. ಮರುದಿನದಿಂದ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಪಾಠ ಬರೆಯತೊಡಗಿದಳು. ಮೂರು ತಿಂಗಳಲ್ಲಿ ಚೆನ್ನೈ, ಕೋಯಮತ್ತೂರು, ತಿರುಪ್ಪೂರುಗಳಲ್ಲಿರುವ ನಂಟರ ಮಕ್ಕಳು ಹನ್ನೊಂದು ಜನರನ್ನು ಒಪ್ಪಿಸಿದಳು. ವಾರಕ್ಕೊಂದು ಗಂಟೆ, ವಿಡಿಯೊ ಕರೆಯಲ್ಲಿ ಮನೆಮಾತಿನ ಪಾಠ. ಹನ್ನೆರಡನೇ ತರಗತಿಯವರೆಗೆ ಓದಿದವಳು, ಈವರೆಗೆ ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡಿದವಳಲ್ಲ.

"ಫೋನಲ್ಲೇ ಮಾಡ್ಬಿಡು" ಎಂದೆ ನಾನು.

"ಹನ್ನೊಂದು ಮೊಕ ಸಾಸಿವೆ ಕಾಳಿನಂಗೆ ಕಾಣ್ತವೆ ಮಾಮಾ. ಬಾಯಿ ಹೆಂಗೆ ತೆರೀತವೆ ಅಂತ ನೋಡ್ದೆ ಮಾತು ಕಲ್ಸೋದೆಂಗೆ?" ನಮ್ಮ ಕಡೆ ಹೆಂಡತಿ ಗಂಡನನ್ನು ಮಾಮಾ ಎಂದೇ ಕರೆಯುವುದು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ಈ ಬಾನುವಾರ ತಪ್ಪಿದ್ರೆ ನಾನು ಇದನ್ನ ಮಾಡಾಕಿಲ್ಲ. ನನ್ನ ಬುದ್ಧಿ ನಂಗೆ ಗೊತ್ತು. ಒಂದ್ಸಾರಿ ಹಿಂದೆ ಸರಿದ್ನಂದ್ರೆ ಸರಿದಂಗೇ."

"ಶನಿವಾರ ಮಧ್ಯಾಹ್ನಕ್ಕೆ ನಿನ್ನ ಕಂಪ್ಯೂಟರು ಹೊಸ ಮದುಮಗಳಂತೆ ಕೂತಿರುತ್ತದೆ" ಎಂದು ನಾನು ಘೋಷಿಸಿದೆ.

"ಅಂಗಡಿಗೆ ಕೊಟ್ಬಿಡೋಣ."

"ಸರಸು, ಅದಕ್ಕೂ ಎರಡು ತುದಿ ಇವೆ."

ಶುಕ್ರವಾರ ಬಸ್ಸು ಹತ್ತಿ ತೇನಿಗೆ ಹೋದೆ. ಕಂಪ್ಯೂಟರ್ ಅಂಗಡಿಯ ಲೋಗೇಶ್ ಹಾರ್ಡ್ ಡಿಸ್ಕಿನ ಬದಲು ಹಾಕುವ ಒಂದು ಎಸ್‌ಎಸ್‌ಡಿ ತೆಗೆದು ಮೇಜಿನ ಮೇಲಿಟ್ಟ. ಅಂಗೈಯಗಲದ ತೆಳ್ಳನೆಯ ಡಬ್ಬಿ, ಕೈಯಲ್ಲಿ ಹಿಡಿದರೆ ಖಾಲಿ ನಶ್ಯದ ಡಬ್ಬಿಯಷ್ಟು ಹಗುರ. "ಹಳೇದ್ರಲ್ಲಿ ತಟ್ಟೆ ಸುತ್ತುತ್ತೆ ಅಣ್ಣೇ. ಇದ್ರಲ್ಲಿ ಏನೂ ಅಲುಗಾಡಲ್ಲ. ಅದಕ್ಕೇ ಇದು ಬೇಗ" ಎಂದ. ಏನೂ ಅಲುಗಾಡದೆ ಬೇಗ ಓಡುವ ವಸ್ತುವನ್ನು ನಾನು ಅಂದೇ ಮೊದಲು ನೋಡಿದ್ದು.

"ಕಂಪ್ಯೂಟರ್ ಪೆಟ್ಟಿ ತಂದುಕೊಡಿ, ಸೋಮವಾರ ರೆಡಿ ಮಾಡಿಕೊಡ್ತೀನಿ."

"ಭಾನುವಾರ ಬೇಕು."

"ಹಂಗಾದ್ರೆ ನೀವೇ ಹಾಕಬೇಕು. ಈ ಪೆನ್‌ಡ್ರೈವಲ್ಲಿ ಆಪರೇಟಿಂಗ್ ಸಿಸ್ಟಂ ಇದೆ. ಡಿಸ್ಕ್ ಕೂರಿಸಿ, ಪೆನ್‌ಡ್ರೈವ್ ಸಿಕ್ಸಿ, ಕೇಳಿದ್ದಕ್ಕೆಲ್ಲ ಸರಿ ಅಂತ ಒತ್ತುತ್ತಾ ಹೋಗಿ. ಕೊನೇಲಿ ಮಾತ್ರ..."

"ಲೋಗೇಶು, ನಾನು ಒಂದೇ ದಿನದಲ್ಲಿ ಹದಿನೆಂಟು ಎಕರೆಗೆ ಪೈಪ್ ಎಳೆದವನು."

ಅವನು ಬಾಯಿ ಮುಚ್ಚಿಕೊಂಡು ಚೀಲಕ್ಕೆ ಹಾಕಿಕೊಟ್ಟ. ಗಿರಾಕಿಯ ಮರ್ಯಾದೆಯನ್ನು ಅಷ್ಟು ಕಾಯಬಾರದಿತ್ತು ಅವನು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಹಜಾರದ ನಡುವೆ ಚಾಪೆ ಹಾಸಿ ಶಸ್ತ್ರಚಿಕಿತ್ಸೆಗೆ ಕುಳಿತೆ. ಪೆಟ್ಟಿ ಬಿಚ್ಚಿದರೆ ಒಳಗೆ ಹತ್ತು ವರ್ಷದ ಧೂಳು, ಎರಡು ಹಲ್ಲಿ ಮೊಟ್ಟೆಯ ಚಿಪ್ಪು, ಜನನಿ ಎಂದೋ ಕಳೆದುಕೊಂಡಿದ್ದ ಒಂದು ಜಡೆಪಿನ್ನು. ಸತ್ತ ಡಿಸ್ಕನ್ನು ತೆಗೆದೆ. ಹೊಸದನ್ನು ಕೂರಿಸಿದೆ. ನಾಲ್ಕು ತಿರುಪು ಬಿಚ್ಚಿದ್ದೆ, ಮೂರರಲ್ಲೇ ಕೆಲಸ ಮುಗಿಯಿತು. ಉಳಿದ ಒಂದನ್ನು ಉಳಿತಾಯವೆಂದು ಜೇಬಿಗಿಳಿಸಿದೆ. ಕಿಟಕಿ ಪಕ್ಕದ ಮಂಚದ ಮೇಲೆ ಕುಳಿತು ಸರಸುವಿನ ತಾಯಿ ಕಣ್ಣಮ್ಮಾಳ್ ಇದೆಲ್ಲವನ್ನೂ ನೋಡುತ್ತಿದ್ದರು. ಅವರು ನನ್ನ ಸೋದರತ್ತೆಯೂ ಹೌದು. ಎಪ್ಪತ್ತೆಂಟು ವರ್ಷ. ನನ್ನನ್ನು ಎತ್ತಿ ಆಡಿಸಿದ ಕೈಯಾದ್ದರಿಂದ ಅಳಿಯನ ಮುಂದೆ ಇರಬೇಕಾದ ಸಂಕೋಚವೊಂದೂ ಅವರಿಗಿಲ್ಲ. ಮಾಪ್ಳೆ ಎಂದು ಕರೆಯುವುದೊಂದು ಇದೆ. ತಮಿಳಿನಲ್ಲಿ ಅಳಿಯ ಎಂದು ಅರ್ಥ, ಅತ್ತೆಯ ಬಾಯಲ್ಲಿ ದಡ್ಡ ಎಂದು ಕೇಳಿಸುತ್ತದೆ.

"ಹೊಸಾ ಸಾಮಾನು. ಒಂದು ಪೊಟ್ಟಾದ್ರೂ ಇಟ್ಯಾ ಮಾಪ್ಳೆ?"

"ಇದಕ್ಕೆ ಕುಂಕುಮದ ಬೊಟ್ಟು ಇಡೋ ಹಂಗಿಲ್ಲ ಅತ್ತೆ. ಕರೆಂಟು."

"ಹೋದ ವರ್ಸ ಮೋಟ್ರಿಗೆ ಇಟ್ಟಿದ್ದಿ. ಅದು ಕರೆಂಟಲ್ವಾ?"

ನಾನು ಪೆನ್‌ಡ್ರೈವನ್ನು ಸಿಕ್ಕಿಸಿ ಗುಂಡಿ ಒತ್ತಿದೆ. ಪರದೆ ಬೆಳಗಿತು. ಯಾವ ಭಾಷೆ ಎಂದು ಕೇಳಿತು. ಯಾವ ದೇಶ ಎಂದು ಕೇಳಿತು. ಯಾವ ಡಿಸ್ಕಿನ ಮೇಲೆ ಎಂದು ಕೇಳಿತು. ಎಲ್ಲದಕ್ಕೂ ಉತ್ತರ ಕೊಟ್ಟೆ. ಪರದೆಯ ನಡುವೆ ಸೊನ್ನೆ ಮೂಡಿ, ಒಂದಾಗಿ, ಎರಡಾಯಿತು. ನೂರರವರೆಗೆ ಎಣಿಸುವುದು ಅದರ ಕೆಲಸ, ಕಾಯುವುದು ಗಂಡಸಿನ ಕೆಲಸವಲ್ಲ ಎಂದುಕೊಂಡು ಕೆಳಗಿನ ಅಂಗಡಿಗಿಳಿದು ಬಾಗಿಲು ತೆರೆದೆ. ಇಬ್ಬರು ಗಿರಾಕಿಗಳಿಗೆ ನನ್ನ ಸಾಹಸವನ್ನು ವರ್ಣಿಸಿದೆ. ಒಬ್ಬ ಪೈಪು ಕೊಳ್ಳದೆಯೇ ಹೋದ.

ಮುಕ್ಕಾಲು ಗಂಟೆ ಬಿಟ್ಟು ಮೇಲೆ ಬಂದರೆ ಪರದೆ ಕೇಳುತ್ತಿತ್ತು: ಯಾವ ಭಾಷೆ?

ಕೇಳಿದ ರೀತಿ ನೋಡಬೇಕಿತ್ತು. ನನ್ನನ್ನು ಹಿಂದೆಂದೂ ಕಂಡೇ ಇಲ್ಲವೆಂಬಂತೆ. ಊಟಕ್ಕೆ ಕರೆದು, ಎಲೆ ಹಾಕಿ, ಬಡಿಸಿ, ಕೈತೊಳೆದು ಬರುವಷ್ಟರಲ್ಲಿ "ತಾವ್ಯಾರು?" ಎಂದು ಕೇಳುವ ನಂಟನ ಹಾಗೆ.

ಮತ್ತೆ ಭಾಷೆ ಹೇಳಿದೆ. ದೇಶ ಹೇಳಿದೆ. ಡಿಸ್ಕನ್ನು ಅಳಿಸಿ ಹೊಸದಾಗಿ ಶುರು ಮಾಡಿದೆ. ಈ ಸಲ ಹದಿನೈದರವರೆಗೆ ಕಾವಲು ಕುಳಿತೆ. ಅಷ್ಟರಲ್ಲಿ ಕೆಳಗೆ ಯಾರೋ ಫಿಲ್ಟರ್ ಕೇಳಿದರು, ಹೋದೆ. ತಿರುಗಿ ಬಂದಾಗ ಅದೇ ಪರದೆ, ಅದೇ ವಿನಯ: ಯಾವ ಭಾಷೆ?

"ಏನಂತೆ ಮಾಮಾ?" ಸರಸು ಅಡುಗೆಮನೆಯಿಂದ ಕೇಳಿದಳು.

"ಏನಿಲ್ಲ. ಒಂದು ಸಣ್ಣ ಶುದ್ಧೀಕರಣ ನಡೀತಿದೆ."

ಅವಳು ಬಂದು ನೋಡಿದಳು. ಕೈಯಲ್ಲಿ ನೋಟ್‌ಬುಕ್ಕಿತ್ತು. ಏನೂ ಹೇಳದೆ ಹೋದಳು. ಹೇಳಿದ್ದರೆ ಜಗಳವಾಡಬಹುದಿತ್ತು.

ಆಗ ಅತ್ತೆ ಮಂಚದಿಂದ ಇಳಿದರು. ದೇವರ ಗೂಡಿನಿಂದ ಅರಿಸಿನ ಅದ್ದಿದ ನೂಲಿನ ಉಂಡೆ ತಂದರು.

"ಇದಕ್ಕೆ ಕಾಪ್ಪು ಕಟ್ಟಾಣ" ಎಂದರು.

ಕಾಪ್ಪು ಎಂದರೆ ಕಂಕಣ. ನಮ್ಮ ಕಡೆ ಊರಮ್ಮನ ಹಬ್ಬಕ್ಕೆ ಎಂಟು ದಿನ ಮೊದಲು ಕಾಪ್ಪು ಕಟ್ಟುತ್ತಾರೆ. ಕಟ್ಟಿದ ಮೇಲೆ ಹಬ್ಬ ಮುಗಿಯುವ ತನಕ ಕಟ್ಟಿಸಿಕೊಂಡವನು ಊರಿನ ಎಲ್ಲೆ ದಾಟುವ ಹಾಗಿಲ್ಲ. ಮನೆಯಲ್ಲಿ ಮಾಂಸ ಬೇಯುವ ಹಾಗಿಲ್ಲ. ನಾನು ಓದಿದವನು, ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಎರಡು ಸಲ ಸೋತವನು ಓದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡುತ್ತಾನೆ.

"ಎಲ್ಲಿಗೆ ಕಟ್ಟೋದು?" ಎಂದು ಕೇಳಿದೆ.

ಅತ್ತೆ ಯಂತ್ರವನ್ನು ಒಂದು ಸುತ್ತು ನೋಡಿದರು. ಹಳೆಯ ಪೆಟ್ಟಿ ಹಳೆಯದೇ, ಅದರಲ್ಲಿ ಹೊಸಬನಾಗಿ ಹೊರಗೆ ಕಾಣುತ್ತಿದ್ದದ್ದು ಪೆನ್‌ಡ್ರೈವ್ ಒಂದೇ. ಅದರ ಬಾಲದಲ್ಲಿ ಕೀಲಿಗೊಂಚಲಿಗೆ ಸಿಕ್ಕಿಸಲೆಂದು ಒಂದು ತೂತಿತ್ತು. ದೇವರೇ ಕೊರೆದಿಟ್ಟ ತೂತು. ನೂಲನ್ನು ಅದರೊಳಗೆ ತೂರಿಸಿ, ಪೆಟ್ಟಿಯ ಸುತ್ತ ಮೂರು ಸುತ್ತು ಸುತ್ತಿ, ಗಂಟು ಹಾಕಿ, ಗಂಟಿನ ಮೇಲೆ ಕುಂಕುಮ ಇಟ್ಟರು.

"ವೇಲೆ ಮುಗಿಯೋ ತಂಕ ಇದು ಜಾಗ ಬಿಡ್ಕೂಡ್ದು. ಕಾಪ್ಪು ಕಟ್ಟಿದ್ದನ್ನ ಒಂಟಿಯಾಗೂ ಬಿಡ್ಕೂಡ್ದು. ನೀನು ನಿನ್ನ ಅಂಗಡಿ ನೋಡ್ಕ. ನಾನು ಕುಂತಿರ್ತೀನಿ." ವೇಲೆ ಎಂದರೆ ಕೆಲಸ.

ಅಂಗಡಿಗೆ ಹೋಗಲು ಧರ್ಮವೇ ಅಪ್ಪಣೆ ಕೊಟ್ಟ ಮೇಲೆ ನಾನು ಯಾಕೆ ತಡೆಯಲಿ? ಮೂರನೇ ಸಲ ಭಾಷೆ, ದೇಶ, ಡಿಸ್ಕು ಒತ್ತಿ ಕೆಳಗಿಳಿದೆ. ಅತ್ತೆ ಪರದೆಯ ಎದುರಿಗೆ ಮಣೆ ಹಾಕಿಕೊಂಡು, ಬೆಳೆಗೆ ಕಾವಲು ಕೂತವರಂತೆ ಕೂತರು.

ಮಧ್ಯಾಹ್ನ ಊಟಕ್ಕೆ ಬಂದೆ. ಯಾವ ಭಾಷೆ?

ನನ್ನ ತತ್ವದಂತೆ ಕಸ ಹುಡುಕತೊಡಗಿದೆ. ಪೆಟ್ಟಿ ಬಿಚ್ಚೋಣವೆಂದರೆ ಕಾಪ್ಪು ಅಡ್ಡ. ಸುತ್ತಿದ ನೂಲಿನ ಸಂದಿಯಲ್ಲೇ ಕೈ ತೂರಿಸಿ ತಂತಿಗಳನ್ನು ಒತ್ತಿ ಒತ್ತಿ ನೋಡಿದೆ. ಧೂಳು ಹೋಗಲೆಂದು ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಧೂಳು ಹೋಯಿತು, ಸರಸು ಆಗಷ್ಟೇ ಬಡಿಸಿಟ್ಟಿದ್ದ ಸಾಂಬಾರಿಗೆ ಹೋಯಿತು.

"ಲೋಗೇಶನ್ನ ಕೇಳಿ ಮಾಮಾ" ಎಂದಳು ಸರಸು, ಸಾಂಬಾರಿನ ಪಾತ್ರೆ ಎತ್ತಿಕೊಂಡು.

ಕೇಳುವುದು ಎಂದರೆ ಸೋಲು. ಆದರೂ ಫೋನು ಮಾಡಿದೆ.

"ಎಷ್ಟು ಪರ್ಸೆಂಟಲ್ಲಿ ನಿಲ್ಲುತ್ತೆ ಅಣ್ಣೇ?" ಎಂದ ಲೋಗೇಶ್.

ಇದೊಂದು ನ್ಯಾಯವಾದ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಒಂದು ಸಲವೂ ನಾನು ಕೊನೆಯವರೆಗೆ ಅಲ್ಲಿರಲಿಲ್ಲ. ಆದರೆ ಹದಿನೆಂಟು ಎಕರೆಯ ಮಾತಾಡಿ ಬಂದವನು ಗೊತ್ತಿಲ್ಲ ಎನ್ನುವುದು ಹೇಗೆ?

"ನಲವತ್ತೇಳು" ಎಂದೆ.

ಆ ಸಂಖ್ಯೆ ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನ ವಯಸ್ಸೂ ಅಲ್ಲ, ಯಾವ ಪೈಪಿನ ಅಳತೆಯೂ ಅಲ್ಲ. ಲೋಗೇಶ್ ಮಾತ್ರ ಅದನ್ನು ಗಂಭೀರವಾಗಿ ತೆಗೆದುಕೊಂಡ.

"ಪ್ರತಿ ಸಲ ನಲವತ್ತೇಳೇನಾ?"

"ಅದೇ. ಒಂದು ಹೆಚ್ಚಿಲ್ಲ, ಕಡಿಮೆ ಇಲ್ಲ."

"ಹಂಗಾದ್ರೆ ಡಿಸ್ಕೇ ಕೆಟ್ಟಿರಬೇಕು. ಸಾಯಂಕಾಲದೊಳಗೆ ಪೆಟ್ಟಿ ಹೊತ್ಕೊಂಡು ತೇನಿಗೆ ಬನ್ನಿ, ಬದಲಾಯಿಸಿ ಕೊಡ್ತೀನಿ. ನಾಳೆ ಅಂಗಡಿ ರಜ."

ನಾನು ಪೆಟ್ಟಿ ಎತ್ತಲು ಬಗ್ಗಿದೆ. ಅತ್ತೆ ಕೈ ಅಡ್ಡ ಹಿಡಿದರು.

"ಕಾಪ್ಪು ಕಟ್ಟಿದ್ದು ಎಲ್ಲೆ ದಾಟಾಕಿಲ್ಲ."

"ಅತ್ತೆ, ಇದು ತೇನಿ. ಸೀಮೆ ಬಿಟ್ಟು ಹೋಗ್ತಿಲ್ಲ."

"ಪಕ್ಕದ ಉತ್ತಮಪಾಳಯ ಆದ್ರೂ ಅಷ್ಟೇ. ಎಲ್ಲೆ ಅಂದ್ರೆ ಎಲ್ಲೆ."

"ಸರಸು, ನೀನಾದರೂ ಹೇಳು."

ಸರಸು ಇಬ್ಬರನ್ನೂ ನೋಡಿದಳು. "ಕಟ್ಟೋವಾಗ ನೀವು ಬಾಯಿ ಮುಚ್ಕೊಂಡಿದ್ರಲ್ಲ ಮಾಮಾ" ಎಂದಳು. ಆಮೇಲೆ ಇನ್ನೊಂದು ನೆನಪಾಗಿ, "ಅವ್ವಾ, ಹಂಗಾದ್ರೆ ನಾಳೆ ಕೋಳಿ?" ಎಂದಳು.

"ಕಾಪ್ಪು ಬಿಚ್ಚೋ ತಂಕ ಮನೇಲಿ ಕವುಚಿ ಇಲ್ಲ."

ಕವುಚಿ ಎಂದರೆ ಮಾಂಸ. ಹೀಗೆ ಒಂದು ಆಪರೇಟಿಂಗ್ ಸಿಸ್ಟಂ ನನ್ನ ಭಾನುವಾರದ ಕೋಳಿ ಸಾರನ್ನೂ ತಿಂದು ಹಾಕಿತು. ಸಂಜೆಯೊಳಗೆ ಇನ್ನೂ ಎರಡು ಸಲ ಪ್ರಯತ್ನಿಸಿದೆ. ಪ್ರತಿ ಸಲವೂ ಶುರು ಮಾಡುವವನು ನಾನು, ಕಾಯುವವರು ಅತ್ತೆ, ಬಂದು ಹಲ್ಲು ಕಡಿಯುವವನು ನಾನು. ಐದನೇ ಸಲದ ಹೊತ್ತಿಗೆ ನನಗೆ ಉತ್ತರಗಳೆಲ್ಲ ಬಾಯಿಪಾಠವಾಗಿದ್ದವು. ಪರದೆ ಕೇಳುವ ಮೊದಲೇ ಹೇಳುತ್ತಿದ್ದೆ. ಕತ್ತಲಾದ ಮೇಲೆ ಸರಸು ಬಂದು ತಾನೇ ಯಂತ್ರ ಆರಿಸಿದಳು.

ಭಾನುವಾರ ಬೆಳಗ್ಗೆ ಎಂಟಕ್ಕೆ ಆರನೇ ಸಲ. ಶುರು ಮಾಡಿ ಸ್ನಾನಕ್ಕೆ ಹೋದೆ. ಸ್ನಾನ ಮುಗಿಸಿ ಬಂದಾಗ ಎಂಟೂಮುಕ್ಕಾಲು. ಪರದೆಯಲ್ಲಿ ಏನಿತ್ತೆಂದು ಮತ್ತೆ ಬರೆಯುವುದಿಲ್ಲ.

ಏಳನೇ ಸಲಕ್ಕೆ ಕೈ ಮುಂದೆ ಹೋಗಲಿಲ್ಲ. ಅರ್ಧ ಗಂಟೆ ಅದರ ಎದುರಿಗೆ ಸುಮ್ಮನೆ ಕುಳಿತೆ.

ಒಂಬತ್ತೂಕಾಲಿಗೆ ಸರಸು ಒಳಗಿನಿಂದ ಬಂದಳು. ಚಿನ್ನಾಳಪಟ್ಟಿಯ ಸುಂಗುಡಿ ಸೀರೆ ಉಟ್ಟಿದ್ದಳು. ಕಡುನೀಲಿಯ ಮೇಲೆ ಬಿಳಿ ಚುಕ್ಕಿ. ತಲೆಗೆ ಮಲ್ಲಿಗೆ ಮುಡಿದಿದ್ದಳು. ಹನ್ನೊಂದು ಮಕ್ಕಳಿಗೆ ಪರದೆಯಲ್ಲಿ ಮಲ್ಲಿಗೆಯ ವಾಸನೆ ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಪರದೆ ನೋಡಿದಳು, ನನ್ನನ್ನು ನೋಡಿದಳು.

"ಆಗ್ಲಿಲ್ಲ ಸರಸು" ಎಂದೆ. ಎರಡು ದಿನದಲ್ಲಿ ನಾನು ಆಡಿದ ಮೊದಲ ನಿಜ ಅದು ಎಂದು ನನಗಾಗ ಅನಿಸಿತು. ಅದೂ ನಿಜವಲ್ಲವೆಂದು ಆಮೇಲೆ ತಿಳಿಯಿತು.

"ಪರವಾಗಿಲ್ಲ ಬಿಡಿ" ಎಂದಳು. "ಬರೋ ವಾರ ಮಾಡಿದ್ರಾಯ್ತು."

ನೋಟ್‌ಬುಕ್ಕನ್ನು ಕಪಾಟಿನ ಮೇಲಿನ ಖಾನೆಯಲ್ಲಿ ಇಟ್ಟಳು. ಮದುವೆಯ ಆಲ್ಬಮ್ಮು, ಜನನಿಯ ಹಳೆಯ ಸರ್ಟಿಫಿಕೇಟುಗಳು ಇರುವ ಖಾನೆ. ಅಲ್ಲಿಗೆ ಹೋದದ್ದು ಯಾವುದೂ ಬರೋ ವಾರ ಇಳಿದು ಬಂದದ್ದಿಲ್ಲ. ಆಮೇಲೆ ಕೈಯೆತ್ತಿ ತಲೆಯಿಂದ ಮಲ್ಲಿಗೆ ಬಿಚ್ಚತೊಡಗಿದಳು. ನನಗೆ ಯಾವ ಪೈಪಿನ ಉಪಮೆಯೂ ಹೊಳೆಯಲಿಲ್ಲ.

"ಹೂವ ಯಾಕೆ ತೆಗೀತಾ ಇದ್ದೀಯ?" ಅತ್ತೆ ಮಣೆಯ ಮೇಲಿನಿಂದ ಕೇಳಿದರು.

"ಕೆಲ್ಸ ಮುಗೀಲಿಲ್ವಂತೆ ಅವ್ವಾ."

"ಮುಗೀಲಿಲ್ಲ ಅಂತ ಯಾರು ಹೇಳಿದ್ದು? ಆರು ತಡವೆ ಮುಗೀತಲ್ಲ."

ನಾನು ತಿರುಗಿದೆ. "ಆರು ಸಲ ಏನು ಮುಗೀತು?"

"ನೂರು ಬಂತು." ಅತ್ತೆಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಸಂತೆಗೆ ಹೋಗಲು ಬಸ್ಸಿನ ನಂಬರು ನೋಡಿ ನೋಡಿ ಕಲಿತದ್ದು. "ನಿನ್ನೆ ಮೊದ್ಲ ಎಲ್ಡು ತಡವೆ ಮಂಚದ ಮೇಲಿಂದ ನೋಡ್ದೆ. ಆಮೇಲಿನ ನಾಕೂ ಇಲ್ಲೇ ಕುಂತು ನೋಡ್ದೆ. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ನೂರು ಬಂದ ಮೇಲೆ ದೀಪ ಆರಿ ಮತ್ತೆ ಹತ್ಕೊಳ್ತದೆ. ಅಷ್ಟರಲ್ಲಿ ನೀನು ಬಂದು ಮೊದ್ಲಿಂದ ಶುರು ಮಾಡ್ತೀಯ."

"ನೂರಕ್ಕೆ ಹೋಯ್ತಾ? ನಲವತ್ತೇಳಕ್ಕೆ ನಿಲ್ಲಲಿಲ್ವಾ?"

"ನಲವತ್ತೇಳಕ್ಕೆ ಯಾಕೆ ನಿಲ್ತದೆ?"

ಸರಸು ನನ್ನನ್ನು ನೋಡುತ್ತಿದ್ದಳು. ಅವಳ ಕೈ ಮಲ್ಲಿಗೆಯ ಮೇಲೆ ಹಾಗೇ ನಿಂತಿತ್ತು.

"ಅತ್ತೆ, ಇದನ್ನ ನಿನ್ನೇನೇ ಹೇಳೋದಲ್ವಾ?"

"ನೀನು ಕೇಳಿದ್ಯಾ? ಕಾಪ್ಪು ಕಟ್ಟಿಸ್ದೋನು ಬಂದು, ವೇಲೆ ಮುಗೀತು, ಬಿಚ್ಚು ಅಂತ ಕೇಳ್ಬೇಕು. ಅದು ವಾಡಿಕೆ. ನೀನು ಕೇಳ್ಲಿಲ್ಲ. ಏಳು ತಡವೆ ಮಾಡೋ ವೇಲೆ ಇರ್ಬೇಕು, ಓದಿದೋನು, ಲೆಕ್ಕ ಇಟ್ಕೊಂಡಿರ್ತಾನೆ ಅಂತ ನಾನು ಸುಮ್ನಿದ್ದೆ."

ನಾನು ಲೋಗೇಶನಿಗೆ ಫೋನು ಮಾಡಿದೆ. ಈ ಸಲ ನಿಜ ಹೇಳಿದೆ.

"ಅಣ್ಣೇ, ನೂರಾದ ಮೇಲೆ ಪೆನ್‌ಡ್ರೈವ್ ಎಳೆದ್ರಾ?"

"ಇಲ್ಲ. ಅದು... ಕಟ್ಟಿತ್ತು."

"ಕಟ್ಟಿತ್ತಾ?"

"ಅದು ದೊಡ್ಡ ಕತೆ."

"ಪೆನ್‌ಡ್ರೈವ್ ಅಲ್ಲೇ ಇದ್ರೆ ಯಂತ್ರ ಮತ್ತೆ ಅದ್ರಿಂದಲೇ ಶುರುವಾಗುತ್ತೆ ಅಣ್ಣೇ. ಒಳಗೆ ಎಲ್ಲ ಮುಗಿದಿದೆ ಅಂತ ಅದಕ್ಕೆ ಗೊತ್ತಾಗೋದು ಹೆಂಗೆ? ಅಂಗಡೀಲಿ ನಾನು ಹೇಳಕ್ಕೆ ಬಂದಿದ್ದು ಅದನ್ನೇ."

ನಾನು ಅತ್ತೆಯ ಎದುರಿಗೆ ಚಾಪೆಯ ಮೇಲೆ ಕೂತೆ. ಗಂಟೆ ಒಂಬತ್ತು ಇಪ್ಪತ್ತೆಂಟು.

"ವೇಲೆ ಮುಗೀತು ಅತ್ತೆ. ಬಿಚ್ಚಿ."

ಅವರಿಗೆ ಅವಸರವಿರಲಿಲ್ಲ. ಸರಸುವಿನ ಕೈಲಿ ಕರ್ಪೂರ ತರಿಸಿ ಹಚ್ಚಿದರು. ಮೂರು ಸುತ್ತನ್ನೂ ಒಂದೊಂದಾಗಿ ಬಿಚ್ಚಿದರು. ಹರಿಯುವ ಹಾಗಿಲ್ಲವಂತೆ. ಕೊನೆಗೆ ಪೆನ್‌ಡ್ರೈವನ್ನು ಎಳೆದು ವೀಳ್ಯದೆಲೆಯ ಮೇಲಿಟ್ಟರು. ಯಂತ್ರವನ್ನು ಆರಿಸಿ ಹಚ್ಚಿದೆ. ಅದು ಭಾಷೆ ಕೇಳಲಿಲ್ಲ. ಬಿಳಿಯ ಚುಕ್ಕಿಗಳು ಒಂದರ ಹಿಂದೊಂದು ಸುತ್ತಿದವು. ಏನೂ ಅಲುಗಾಡದ ಆ ಪುಟ್ಟ ಡಬ್ಬಿ ಯಾವ ಸದ್ದೂ ಮಾಡದೆ, ಯಾವ ದೂರೂ ಹೇಳದೆ ಓಡತೊಡಗಿತು. ನಾನು ಅಲ್ಲಿಂದ ಏಳಲಿಲ್ಲ. ಕೆಳಗೆ ಯಾರೋ ಅಂಗಡಿ ಬಾಗಿಲು ಬಡಿದರು, ಬಡಿಯಲಿ ಎಂದು ಬಿಟ್ಟೆ.

ಹತ್ತು ಗಂಟೆ ಆರು ನಿಮಿಷಕ್ಕೆ ಪರದೆಯ ತುಂಬ ಹನ್ನೊಂದು ಮುಖಗಳು ಬಂದವು. ಅಂಗೈಯಗಲದ ಮುಖಗಳು, ಬಾಯಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಸರಸು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನೋಟ್‌ಬುಕ್ಕನ್ನು ಖಾನೆಯಿಂದ ಮತ್ತೆ ಇಳಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಮೊದಲ ಪುಟ ತೆರೆದಳು.

ಕೋಯಮತ್ತೂರಿನ ಹುಡುಗಿ ಸುಬ್ಬುಲಕ್ಷ್ಮಿ, ಒಂಬತ್ತು ವರ್ಷದವಳು, ತಮಿಳಿನಲ್ಲಿ ಕೇಳಿದಳು, "ಏನ್ ಅತ್ತೈ ಲೇಟು?" ಯಾಕೆ ತಡ, ಎಂದು.

ಸರಸು ನೋಟ್‌ಬುಕ್ಕನ್ನು ನೋಡಿದಳು. ಆಮೇಲೆ ಅದನ್ನು ಮುಚ್ಚಿಟ್ಟಳು. ಅವಳ ಮುಖದಲ್ಲಿ ಎರಡು ದಿನದಿಂದ ಕಾಣದಿದ್ದ ಏನೋ ಬಂತು.

"ಹೇಳ್ತೀನಿ. ಎಲ್ರೂ ನನ್ನ ಜೊತೆ ಹೇಳಿ. ಕೆಲ್ಸ ನಿನ್ನೇನೇ ಮುಗ್ದಿತ್ತು."

ಹನ್ನೊಂದು ಬಾಯಿಗಳು ಹನ್ನೊಂದು ರೀತಿಯಲ್ಲಿ ಎಡವಿದವು. ಮೂರನೇ ಸಲಕ್ಕೆ ಒಂದಾದವು. ಅವಳು ಪೂರ್ತಿ ಕತೆ ಹೇಳಿದಳು. ಪೆನ್‌ಡ್ರೈವು, ಕಾಪ್ಪು, ಸೈಕಲ್ ಪಂಪು, ನಲವತ್ತೇಳು. ಒಂದನ್ನೂ ಬಿಡಲಿಲ್ಲ. ಇಷ್ಟು ಚೆನ್ನಾಗಿ ಕತೆ ಹೇಳುವವಳು ನನ್ನ ಮನೆಯಲ್ಲಿದ್ದಾಳೆಂದು ನನಗೆ ತಿಳಿದೇ ಇರಲಿಲ್ಲ. ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ನೆಜಮಾವಾ?" ಸುಬ್ಬುಲಕ್ಷ್ಮಿ ಕಣ್ಣರಳಿಸಿದಳು. ನಿಜವಾಗಿಯೂ ಹೀಗೇ ಆಯಿತಾ?

ಸರಸು ಕ್ಯಾಮರಾವನ್ನು ನನ್ನ ಕಡೆ ತಿರುಗಿಸಿದಳು. "ಮಾವನ್ನೇ ಕೇಳು. ಆದ್ರೆ ಕನ್ನಡ್ದಲ್ಲಿ ಕೇಳ್ಬೇಕು."

ಹುಡುಗಿ ತುಟಿ ಕಚ್ಚಿ ಬಹಳ ಹೊತ್ತು ಮಾತು ಹುಡುಕಿದಳು. ಯಾರೂ ಹೇಳಿಕೊಡಲಿಲ್ಲ. ಆಮೇಲೆ ಒಂದೊಂದೇ ಮಾತನ್ನು ಇಟ್ಟಳು, ತುಂಬಿದ ಲೋಟ ಇಟ್ಟಂತೆ. "ಮಾವಾ... ಕೆಲ್ಸ... ಮುಗ್ದಿತ್ತಾ?"

ಅಂಥ ಪ್ರಶ್ನೆಗೆ ಯಾರು ತಾನೇ ಸುಳ್ಳು ಹೇಳುತ್ತಾರೆ?

"ಮುಗ್ದಿತ್ತು ಕಣವ್ವ" ಎಂದೆ. "ನಂಗೆ ಗೊತ್ತಾಗ್ಲಿಲ್ಲ."

"ಕೇಳಿದ್ರಾ ಮಕ್ಳೇ?" ಎಂದಳು ಸರಸು. "ಮಾವ ಹೇಳ್ದಂಗೇ ಎಲ್ರೂ ಹೇಳಿ."

ಚೆನ್ನೈಯಿಂದ ತಿರುಪ್ಪೂರಿನವರೆಗೆ ಹನ್ನೊಂದು ಮನೆಗಳು ಒಟ್ಟಿಗೆ ಹೇಳಿದವು. ಈಗ ನಾಲ್ಕು ವಾರವಾಯಿತು, ಪಾಠ ತಪ್ಪಿಲ್ಲ. ಮಕ್ಕಳು ಇನ್ನೂ ಎಷ್ಟೋ ಕಡೆ ತಡವರಿಸುತ್ತಾರೆ. ಒಂದೇ ಒಂದು ವಾಕ್ಯ ಮಾತ್ರ ಅವರಿಗೆ ಎಡವದೆ, ಹುಟ್ಟಿನಿಂದ ಆಡಿಕೊಂಡು ಬಂದವರಂತೆ ಬರುತ್ತದೆ. ಸರಸು ಏನೇ ಪ್ರಶ್ನೆ ಕೇಳಲಿ, ಉತ್ತರ ತಿಳಿಯದಿದ್ದರೆ ಹನ್ನೊಂದು ಮಕ್ಕಳೂ ನನ್ನದೇ ದನಿಯಲ್ಲಿ, ನನ್ನದೇ ಹಾಗೆ ತಲೆ ತಗ್ಗಿಸಿ ಹೇಳುತ್ತಾರೆ: "ನಂಗೆ ಗೊತ್ತಾಗ್ಲಿಲ್ಲ."